ಗೆರೆ ಕಾಣದ ಅರ್ಧ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಲೆಕ್ಕ ಬಿಡಿಸುವುದು ಅವಳ ಕೆಲಸವಲ್ಲ, ಜೋಡಿಸುವುದು. ಹದಿನೆಂಟು ವರ್ಷ ಮುದ್ರಣಾಲಯವೊಂದರಲ್ಲಿ ಗಣಿತ ಪುಸ್ತಕಗಳ ಪುಟ ಕಟ್ಟಿದವಳು. ವರ್ಗಮೂಲದ ಚಿಹ್ನೆ ಕೂದಲೆಳೆಯಷ್ಟು ವಾಲಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಮುದ್ರಣಾಲಯ ಮುಚ್ಚಿದ ಮೇಲೆ ಮಕ್ಕಳ ಆಸ್ಪತ್ರೆ ಸೇರಿ, ನರ್ಸುಗಳು ಕಂಪ್ಯೂಟರಿನಲ್ಲಿ ನೋಡುವ ಔಷಧದ ಅಳತೆಯ ಪುಟಗಳನ್ನು ಸಿದ್ಧಪಡಿಸತೊಡಗಿದಳು.

ಮೊದಮೊದಲು ಭಿನ್ನರಾಶಿಗಳನ್ನು ಚಿತ್ರಗಳಾಗಿ ಅಂಟಿಸುತ್ತಿದ್ದಳು. ಅವು ಮಸುಕಾಗುತ್ತಿದ್ದವು. ಆಮೇಲೆ ಬ್ರೌಸರೇ ಗೆರೆ ಎಳೆದು, ಒಂದಂಕೆ ಮೇಲೆ, ಇನ್ನೊಂದು ಕೆಳಗೆ ಇಡುವಂಥ ಹೊಸ ಸಂಕೇತ-ಬರವಣಿಗೆ ಕಲಿತಳು. ಅವಳ ಪರದೆಯಲ್ಲಿ ಅದು ಅಚ್ಚು ಹೊಡೆದಂತೆ ಬಂತು. ಸೋಮವಾರ ಆ ಪುಟ ಎಲ್ಲ ವಾರ್ಡುಗಳಿಗೂ ಹೋಯಿತು.

ಬುಧವಾರ ಮಧ್ಯಾಹ್ನ, ಮೂರನೆಯ ವಾರ್ಡಿನ ನರ್ಸಾಗಿದ್ದ ಅವಳ ನಾದಿನಿ ಊಟದ ಡಬ್ಬಿ ತೆಗೆಯುತ್ತ ನಕ್ಕಳು.

“ಅತ್ತಿಗೆ, ಜ್ವರದ ಹನಿ ಔಷಧಿ ಹನ್ನೆರಡು ಮಿಲಿ ಅಂತ ಹಾಕಿದ್ದೀರಲ್ಲ, ಮಗೂಗೆ ಕುಡಿಸೋಕಾ, ಸ್ನಾನ ಮಾಡಿಸೋಕಾ?”

“ಹನ್ನೆರಡಲ್ಲ ಕಣೇ, ಅರ್ಧ. ಒಂದರ ಕೆಳಗೆ ಎರಡು.”

“ನಮ್ಮ ಪರದೇಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಪಕ್ಕಪಕ್ಕ ಕೂತಿವೆ.”

ಆ ವಾರ್ಡಿನ ಕಂಪ್ಯೂಟರ್ ಹಳೆಯದು. ಅದರ ಬ್ರೌಸರಿಗೆ ಹೊಸ ಬರವಣಿಗೆ ಗೊತ್ತಿರಲಿಲ್ಲ. ಗೆರೆಯನ್ನು ನುಂಗಿ ಅಂಕೆಗಳನ್ನಷ್ಟೇ ಉಗುಳಿತ್ತು. ಓಡಿಹೋಗಿ ಪುಟ ತೆಗೆದುಹಾಕಿ, ಹಿಂದೆಯೇ ಬಂದ ನಾದಿನಿಯತ್ತ ತಿರುಗಿದಳು.

“ಯಾರಿಗಾದ್ರೂ ಕೊಟ್ಟಿದ್ದೀರಾ?”

“ನಮಗೆಲ್ಲ ಅದು ಬಾಯಿಪಾಠ. ಆದ್ರೆ...” ನಾದಿನಿಯ ನಗು ನಿಂತಿತು. “ನಿನ್ನೆ ಬೇರೆ ವಾರ್ಡಿಂದ ಬದಲಿಗೆ ಬಂದ ನರ್ಸು, ಮನೆಗೆ ಹೊರಟ ಒಬ್ಬ ತಾಯಿಗೆ ಪುಟ ನೋಡ್ಕೊಂಡೇ ಚೀಟಿ ಬರೆದ್ಲು.”

ಆ ತಾಯಿಯ ಫೋನು ಸ್ವಿಚ್ ಆಫ್. ವಿಳಾಸ ಹಿಡಿದು ಇಬ್ಬರೂ ಬಸ್ಸು ಹತ್ತಿದರು. ನಾದಿನಿ ಏನೋ ಸಮಾಧಾನ ಹೇಳುತ್ತಿದ್ದಳು. ಲೆಕ್ಕದಕ್ಕನ ಕಿವಿಗೆ ಒಂದೂ ಬೀಳಲಿಲ್ಲ. ಎರಡನೆಯ ಮಹಡಿಯ ಬಾಗಿಲಿಗೆ ಬೀಗ. ಎದುರುಮನೆಯಾಕೆ ಇಣುಕಿದಳು.

“ಆಗಲೇ ಮಗೂನ ಎತ್ಕೊಂಡು ಓಡೋಡಿ ಹೋದ್ಲು. ಎಲ್ಲಿಗೆ ಅಂತ ಕೇಳಿದ್ರೂ ನಿಲ್ಲಲಿಲ್ಲ.”

ಲೆಕ್ಕದಕ್ಕ ಮೆಟ್ಟಿಲ ಮೇಲೆ ಕುಳಿತಳು. ಕೆಳಗೆ ಯಾರ ಹೆಜ್ಜೆ ಕೇಳಿದರೂ ಎದ್ದು ಇಣುಕುತ್ತಿದ್ದಳು. ಮುಕ್ಕಾಲು ಗಂಟೆಯಾದ ಮೇಲೆ ಏದುಸಿರು ಬಿಡುತ್ತ ಆ ತಾಯಿ ಮೇಲೆ ಬಂದಳು. ಹೆಗಲ ಮೇಲೆ ಮಗು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು.

“ಆಸ್ಪತ್ರೆಯಿಂದ ಬಂದಿದ್ದೀವಿ, ಔಷಧಿ ಕೊಟ್ರಾ?” ಲೆಕ್ಕದಕ್ಕ ಕೇಳಿದಳು.

“ಎಲ್ಲಿ ಕೊಡ್ಲಿ? ಹನ್ನೆರಡು ಮಿಲಿ ಕುಡಿಸಿ ಅಂತ ಬರ್ಕೊಟ್ಟಿದ್ದೀರ, ಬಾಟಲಿಲಿರೋದೇ ಹತ್ತು! ಇವತ್ತು ಮೈ ಸುಡ್ತಿತ್ತು, ಹೆದರಿ ಔಷಧಿ ಅಂಗಡಿಗೆ ಓಡಿದೆ. ಅಂಗಡಿಯವರು ಚೀಟಿ ನೋಡಿ ಹೌಹಾರಿ, ಅರ್ಧ ಮಿಲಿ ಅಂದ್ರು.”

ಲೆಕ್ಕದಕ್ಕ ಮಗುವಿನ ಪಾದ ಹಿಡಿದುಕೊಂಡು ಅತ್ತುಬಿಟ್ಟಳು. “ತಪ್ಪು ನನ್ನದಮ್ಮ,” ಎಂದಳು. ತಾಯಿಗೆ ಸಿಟ್ಟು ಬರಬೇಕಿತ್ತು, ಅವಳು ಬೀಗ ತೆಗೆದು ಇಬ್ಬರನ್ನೂ ಒಳಗೆ ಕರೆದಳು.

ಮರುದಿನ ಮುಖ್ಯ ವೈದ್ಯೆಗೆ ನಡೆದದ್ದನ್ನೆಲ್ಲ ಬರೆದುಕೊಟ್ಟು, ಹದಿನಾಲ್ಕು ವಾರ್ಡುಗಳ ಕಂಪ್ಯೂಟರುಗಳ ಮುಂದೆಯೂ ಕುಳಿತು ಆ ಪುಟವನ್ನು ತೆರೆದು ನೋಡಿ ಬಂದಳು. ನಾಲ್ಕರಲ್ಲಿ ಗೆರೆ ಇರಲಿಲ್ಲ; ಸದ್ಯ, ಅಲ್ಲಿ ಬೇರೆ ಯಾರಿಗೂ ಆ ಪುಟ ನೋಡಿ ಔಷಧಿ ಕೊಟ್ಟಿರಲಿಲ್ಲ. ಅಂದಿನಿಂದ ಪ್ರತಿ ಭಿನ್ನರಾಶಿಯ ಪಕ್ಕದಲ್ಲಿ ‘ಅರ್ಧ’, ‘ಕಾಲು’ ಎಂದು ಅಕ್ಷರದಲ್ಲೂ ಬರೆದಳು. ಎರಡು ಕಂಪ್ಯೂಟರುಗಳನ್ನು ಬದಲಾಯಿಸಿದರು. ಉಳಿದೆರಡರ ಮುಂದೆ ಅವಳು ಈಗಲೂ ಪ್ರತಿದಿನ ಬೆಳಿಗ್ಗೆ ಹೋಗಿ, ಪುಟ ತೆರೆಯುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಾಳೆ.