ಖಾಲಿ ತಟ್ಟೆಯನ್ನು ನಂಬಿ ಕೆಟ್ಟ ತಟ್ಟೆಯಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಹಡಿಯ ಅಡುಗೆಮನೆಯಲ್ಲಿ ಇಪ್ಪತ್ತಾರು ತಟ್ಟೆಗಳು ಗಾಡಿ ಏರುತ್ತಿವೆ. ಗಾಡಿಯ ಒಂದು ಚಕ್ರ ಸದಾ ಎಡಕ್ಕೇ ಎಳೆಯುತ್ತದೆ. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ತಟ್ಟೆಯಕ್ಕನ ಬಾಯಿ ಒಣಗಿದೆ. "ಮೇಲಿನವರಿಗಿಂತ ಚಕ್ರನೇ ವಾಸಿ, ಕಿರ್ ಅಂತ ಉತ್ತರನಾದ್ರೂ ಕೊಡುತ್ತೆ," ಎನ್ನುತ್ತಾ ಸೊಂಟದಿಂದ ಒಂದು ನೂಕು ಕೊಟ್ಟು ಗಾಡಿಯನ್ನು ಲಿಫ್ಟಿನ ಕಡೆಗೆ ತಿರುಗಿಸುತ್ತಾರೆ.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರ ವಾರ್ಡಿಗೆ ಊಟ ಮುಟ್ಟಿಸುವುದು, ತಟ್ಟೆ ವಾಪಸು ತರುವುದು, ಹತ್ತೊಂಬತ್ತು ವರ್ಷಗಳಿಂದ ಇದೇ ಅವರ ಕೆಲಸ. ವಾಪಸು ತರುವುದರಲ್ಲೇ ಇರುವುದು ಕಸುಬಿನ ಜಾಣ್ಮೆ. ಪ್ರತಿ ತಟ್ಟೆಯ ಚೀಟಿಯ ಮೇಲೂ ಒಂದು ಸೊನ್ನೆ ಇರುತ್ತದೆ. ರೋಗಿ ಎಷ್ಟು ತಿಂದರೋ ಅಷ್ಟು ಭಾಗವನ್ನು ತಟ್ಟೆಯಕ್ಕ ಪೆನ್ನಿನಿಂದ ಕಪ್ಪು ಮಾಡುತ್ತಾರೆ. ಮನೆಗೆ ಕಳಿಸುವ ಮುನ್ನ ಡಾಕ್ಟರು ಗಾಯ, ಜ್ವರಗಳ ಜೊತೆಗೆ ಈ ಸೊನ್ನೆಗಳನ್ನೂ ನೋಡುತ್ತಾರೆ.

ಆದರೆ ತಿನ್ನಿಸಲು ಬಿಟ್ಟರೆ ತಾನೆ! ಆಪರೇಷನ್ ಆದ ಮರುದಿನದಿಂದಲೇ ಮೆತ್ತಗಿನ ಊಟ ಕೊಡಿ ಎಂದು ಡಾಕ್ಟರು ಬರೆದಿರುತ್ತಾರೆ. ಮನೆಯವರು ಕಿವಿಗೇ ಹಾಕಿಕೊಳ್ಳುವುದಿಲ್ಲ. "ಉಂಡರೆ ಹೊಲಿಗೆ ಬಿಟ್ಟುಹೋಗುತ್ತೆ ಅಂತಾರೆ. ಹೊಟ್ಟೆಗೇ ಹಾಕ್ದೆ ಗಾಯ ಮಾಯೋದಾದ್ರೂ ಹೇಗೆ? ದಿನಾ ಇಪ್ಪತ್ತಾರು ಮಂಚಕ್ಕೂ ಇದನ್ನೇ ಒದರಬೇಕು. ಸಾಕಾಗಿಹೋಗಿದೆ."

ತಟ್ಟೆಯಕ್ಕ ಬೈಯುವವರ ಪಟ್ಟಿಯಲ್ಲಿ ಮೊದಲು ತಾವೇ ಇದ್ದಾರೆ. ಅವರು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ ಒಡಹುಟ್ಟಿದ ಅಕ್ಕನಿಗೆ ಇದೇ ಆಪರೇಷನ್ ಆಗಿತ್ತು. "ಆರು ದಿನ ಬರೀ ಸಕ್ಕರೆ ನೀರು ಕುಡಿಸಿದೆ. ಬಂದ ಊಟನೆಲ್ಲ ಮಂಚದ ಕೆಳಗೆ ಬಚ್ಚಿಟ್ಟೆ. ಪ್ರೀತಿ ಅಂದ್ಕೊಂಡಿದ್ದೆ ಅದನ್ನ. ಎದ್ದು ಓಡಾಡೋಕೆ ಅವಳಿಗೆ ನಾಲ್ಕು ತಿಂಗಳು ಹಿಡೀತು." ಅಕ್ಕ ಈಗ ಗಟ್ಟಿಮುಟ್ಟಾಗಿದ್ದಾಳೆ, ಫೋನ್ ಮಾಡಿದಾಗಲೆಲ್ಲ ಆ ಆರು ದಿನದ ಲೆಕ್ಕ ಒಪ್ಪಿಸುತ್ತಾಳೆ.

ಇವತ್ತು ಏಳನೇ ಮಂಚದ ಬಡಗಿ ಮನೆಗೆ ಹೋಗಬೇಕು. ಅರವತ್ತನಾಲ್ಕು ವರ್ಷದ ಇವರಿಗೆ ಆಪರೇಷನ್ ಆಗಿ ನಾಲ್ಕು ದಿನವಾಗಿದೆ. ಊಟ ಶುರುವಾದ ಮೂರು ದಿನವೂ ತಟ್ಟೆ ಖಾಲಿ, ಸೊನ್ನೆ ಪೂರ್ತಿ ಕಪ್ಪು. ಹೆಂಡತಿ ಆಗಲೇ ಚೀಲ ಕಟ್ಟಿದ್ದಾರೆ. ಆದರೆ ಬಡಗಿ ಎದ್ದು ನಿಲ್ಲಹೋಗಿ ತೂರಾಡಿ ಮತ್ತೆ ಕುಸಿದು ಕೂರುತ್ತಾರೆ. ಮೂರು ಹೊತ್ತು ಉಂಡ ಆಳು ಹೀಗೇಕೆ ಎಂದು ಗೊಣಗುತ್ತಾ ತಟ್ಟೆಯಕ್ಕ ಚಮಚಕ್ಕಾಗಿ ಮಂಚದ ಪಕ್ಕದ ಡ್ರಾಯರ್ ಎಳೆಯುತ್ತಾರೆ. ಒಳಗೊಂದು ಕಾಗದದ ಪೊಟ್ಟಣ. ಅದರಲ್ಲಿ ಬಡಗಿಯ ಹಲ್ಲಿನ ಸೆಟ್ಟು.

ಆಪರೇಷನ್ ದಿನ ಬೆಳಿಗ್ಗೆ ಅದನ್ನು ತೆಗೆಸಿ, ಸುತ್ತಿ, ಹೆಂಡತಿಯ ಕೈಗೆ ಕೊಟ್ಟಿದ್ದರು. ವಾಪಸು ಹಾಕಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.

"ಮತ್ತೆ ಊಟ ಎಲ್ಲಿ ಹೋಯ್ತು?"

"ನಾನೇ ತಿಂದೆ ಅಕ್ಕಾ," ಹೆಂಡತಿ ಸೆರಗಿನ ತುದಿ ತಿರುಚುತ್ತಾರೆ. "ತಟ್ಟೆ ಖಾಲಿ ಆದ್ರೆ ಬೇಗ ಮನೆಗೆ ಕಳಿಸ್ತಾರೆ ಅಂದ್ರು ಪಕ್ಕದವರು. ಇವರು ನೋಡಿದ್ರೆ ಬಾಯೇ ತೆಗೆಯೊಲ್ರು."

ಬಡಗಿ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದಾರೆ. "ಇಷ್ಟು ಜನರ ಮುಂದೆ ಬೊಚ್ಚುಬಾಯಲ್ಲಿ ಹಲ್ಲು ಕೊಡಿ ಅಂತ ಹೇಗಮ್ಮ ಕೇಳೋದು?"

ತಟ್ಟೆಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಮೂರು ದಿನ ಮನುಷ್ಯ ನೀರು, ಹಾಲಿನಲ್ಲೇ ಇದ್ದ. ಆ ಸೊನ್ನೆಗಳನ್ನೆಲ್ಲ ಕಪ್ಪು ಮಾಡಿದ್ದು ಇದೇ ಕೈ, ಅದನ್ನು ನಂಬಿ ಡಾಕ್ಟರು ಮನೆಗೆ ಕಳಿಸುವುದರಲ್ಲಿದ್ದರು. ನೇರವಾಗಿ ಹೋಗಿ ಡಾಕ್ಟರ ಮುಂದೆ ನಿಲ್ಲುತ್ತಾರೆ. "ತಪ್ಪು ನಂದು. ತಟ್ಟೆ ನೋಡಿದೆ, ಬಾಯಿ ನೋಡ್ಲಿಲ್ಲ. ಅವರನ್ನ ಕಳಿಸಬೇಡಿ." ಡಾಕ್ಟರು ಬಡಗಿಯನ್ನು ಪರೀಕ್ಷಿಸಿ, ಇನ್ನೂ ಮೂರು ದಿನ ವಾರ್ಡಿನಲ್ಲೇ ಉಳಿಸಿಕೊಂಡು, ಸ್ವಲ್ಪ ಸ್ವಲ್ಪವಾಗಿ ಊಟ ಕೊಡಲು ಬರೆಯುತ್ತಾರೆ. ಕಟ್ಟಿದ ಚೀಲವನ್ನು ಬಿಚ್ಚುತ್ತಾ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾರೆ.

ರೋಗಿಯನ್ನು ಆಸ್ಪತ್ರೆಗೆ ಸೇರಿಸುವಾಗ ತುಂಬಿಸುವ ಕಾಗದದಲ್ಲಿ 'ಹಲ್ಲಿನ ಸೆಟ್ಟು ಇದೆಯೇ, ಮರಳಿ ಹಾಕಲಾಯಿತೇ' ಎಂಬ ಒಂದು ಸಾಲು ಬೇಕು, ತಟ್ಟೆಯಕ್ಕನ ಆಸೆ ಅಷ್ಟೇ. ಮಧ್ಯಾಹ್ನ ಅರ್ಜಿ ಬರೆದುಕೊಡುತ್ತಾರೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಸಿಗುತ್ತದೆ. ಚಕ್ರದ ರಿಪೇರಿಗೂ ಸಿಕ್ಕಿದ್ದು ಅದೇ ಉತ್ತರ.

ಸಂಜೆ ಬಡಗಿ, ಹಲ್ಲು ಹಾಕಿಕೊಂಡು, ಮೊಟ್ಟೆ ಅಗಿಯುತ್ತಾ ಉಪ್ಪೇ ಇಲ್ಲ ಎಂದು ರೇಗುತ್ತಾರೆ. ಅರ್ಧಕ್ಕೆ ಸಾಕು ಎನ್ನುತ್ತಾರೆ. ಪಕ್ಕದಲ್ಲೇ ಕಾದು ನಿಂತ ತಟ್ಟೆಯಕ್ಕ ಪೆನ್ನು ತೆಗೆಯುತ್ತಾರೆ.

"ಪೂರ್ತಿ ಹಾಕಿಬಿಡಿ ಅಕ್ಕಾ, ಉಳಿದಿದ್ದು ಆಮೇಲೆ ತಿನ್ನಿಸ್ತೀನಿ," ಎಂದು ಹೆಂಡತಿ ಗೋಗರೆಯುತ್ತಾರೆ.

"ಅರ್ಧ ಅಂದ್ರೆ ಅರ್ಧ," ತಟ್ಟೆಯಕ್ಕ ಸೊನ್ನೆಯ ಅರ್ಧವನ್ನು ಗೆರೆ ಮೀರದಂತೆ ಕಪ್ಪು ಮಾಡುತ್ತಾರೆ. "ಆದ್ರೆ ಈ ಅರ್ಧ ಅವರೇ ತಿಂದಿದ್ದು. ನಾನು ನಿಂತು ನೋಡಿದೀನಿ."