ಬಣ್ಣವಿಲ್ಲದ ಕುಂಚ

ಮಾಂಟ್ ಕಿಯಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ವಯಸ್ಸಾದ ಬ್ರಿಟಿಷ್ ಮಹಿಳೆ, ಭಾವಚಿತ್ರ ಬರೆಯುವವರು. ಗಂಡನ ಕೆಲಸದ ಸಲುವಾಗಿ ಲಂಡನ್ನಿನಿಂದ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಲವತ್ತು ವರ್ಷದಲ್ಲಿ ಬ್ಯಾಂಕಿನ ಅಧ್ಯಕ್ಷರು, ಪ್ರಾಂಶುಪಾಲರು, ಎದೆ ತುಂಬ ಪದಕ ತೊಟ್ಟ, ‘ದಾತುಕ್’ ಬಿರುದಿನ ಇಲ್ಲಿನ ಗಣ್ಯರು ಎಲ್ಲರೂ ಅವರೆದುರು ಕೂತಿದ್ದಾರೆ. ಅವರ ಮಂಡಿನೋವಿಗೆ ಔಷಧಿ ಬರೆದುಕೊಟ್ಟ ಡಾಕ್ಟರು ನಾನು. ಅದಕ್ಕೆ ನನ್ನ ಚಿತ್ರ ಬರೆಯುತ್ತೇನೆಂದರು.

ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಹೋಗಿ ಕೂತೆ. ಅವರು ಕ್ಯಾನ್ವಾಸಿನ ಹಿಂದೆ ನಿಂತು ಕುಂಚ ಆಡಿಸುತ್ತಲೇ ಇದ್ದರು. ಒಂದು ಗಂಟೆಯಾಯಿತು, ಬೆನ್ನು ಹಿಡಿದುಕೊಂಡಿತು. ನೀರು ಕುಡಿಯಲು ಎದ್ದವಳು ಇಣುಕಿದರೆ ಕ್ಯಾನ್ವಾಸು ಖಾಲಿ. ವಾರಕ್ಕೊಂದೇ ರಜೆ ಸಿಗುವವಳು ನಾನು, ರೇಗಿತು.

“ಇಷ್ಟು ಹೊತ್ತು ಏನು ಮಾಡಿದ್ರಿ?” ಎಂದೆ.

“ಕುಂಚಕ್ಕೆ ಬಣ್ಣ ಹಾಕಿರಲಿಲ್ಲ,” ಎಂದರು ತಣ್ಣಗೆ. “ಮೊದಲ ಗಂಟೆ ಎಲ್ಲರೂ ಫೋಟೋಗೆ ಕೂತ ಹಾಗೆ ಕೂತಿರುತ್ತಾರೆ. ಅವರು ದಣಿದ ಮೇಲೆ ಬಣ್ಣ ಮುಟ್ಟುತ್ತೇನೆ. ಈಗ ಕೂತ್ಕೊಳ್ಳಿ, ಆ ಸಿಟ್ಟು ಹಾಗೇ ಇರಲಿ.”

ಚಿತ್ರ ಮನೆಗೆ ಬಂದ ದಿನ ಮಗಳು ಇಲ್ಲಿನವರ ಇಂಗ್ಲಿಷ್ ಧಾಟಿಯಲ್ಲಿ, “ದಿಸ್ ಈಸ್ ಅಮ್ಮ ಚೆಕಿಂಗ್ ಮೈ ಹೋಮ್‌ವರ್ಕ್ ಲಾ,” ಎಂದಳು. ಅಲ್ಲವೆನ್ನಲು ಆಗಲಿಲ್ಲ.

ಥ್ಯಾಂಕ್ಸ್ ಹೇಳಲು ಕೆಳಗೆ ಹೋದೆ. ಅವರ ಗೋಡೆಗಳ ತುಂಬ ಮುಖಗಳಿದ್ದವು. ನಿಮ್ಮದು ಒಂದೂ ಇಲ್ಲವಲ್ಲ, ಎಂದು ಕೇಳಿದೆ.

“ಮೂರು ಸಲ ಶುರು ಮಾಡಿದೆ, ಆಗಲಿಲ್ಲ,” ಎಂದರು. “ಕುಂಚದಲ್ಲಿ ಬಣ್ಣ ಇಲ್ಲ ಅನ್ನೋದು ಕನ್ನಡಿಯಲ್ಲಿರುವವಳಿಗೆ ಗೊತ್ತಿರುತ್ತೆ.”