ಭಾವನವರ ಮೂಲೆಮಟ್ಟ

ಒಂದು ಮೂಲೆಮಟ್ಟ ಮಾಡಲು ಆರು ವಾರ ತೆಗೆದುಕೊಂಡ ಮನುಷ್ಯನನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ನನ್ನ ಗಂಡನ ಅಣ್ಣ. ಮೂಲೆಮಟ್ಟವೆಂದರೆ ಏನು ಮಹಾ? ಎರಡು ಪಟ್ಟಿ ಕಟ್ಟಿಗೆ, ಒಂದಕ್ಕೊಂದು ನೆಟ್ಟಗೆ ಮೂಲೆ ಕೂಡಿಸಿದ್ದು. ಬಡಿಗರು ಹಲಗೆಯ ಅಂಚಿಗೆ ಅದನ್ನು ಆನಿಸಿ, ಅದರ ಗುಂಟ ಅಡ್ಡಗೆರೆ ಎಳೆದು, ಆ ಗೆರೆಯ ಮೇಲೆ ಗರಗಸ ಇಡುತ್ತಾರೆ. ಉಣಕಲ್ಲಿನಲ್ಲಿ ಎತ್ತಿನ ಚಕ್ಕಡಿ ಮಾಡುತ್ತಿದ್ದ ನನ್ನಪ್ಪ ಬೇಕಾದಾಗ ಮಧ್ಯಾಹ್ನ ಒಂದನ್ನು ಮಾಡಿ ಸಂಜೆ ಅದರಲ್ಲೇ ಕೆಲಸ ಸಾಗಿಸುತ್ತಿದ್ದ. ಅದಕ್ಕೆ ಪಾಲಿಶ್ ಇರಲಿಲ್ಲ, ಹೂವೂ ಇರಲಿಲ್ಲ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಧಾರವಾಡದಲ್ಲಿ ನಮ್ಮದು ಸಣ್ಣ ಮನೆ. ರಸ್ತೆಯ ಕಡೆಯ ಪಡಸಾಲೆಯೇ ಅಂಗಡಿ, ಅದರ ಹಿಂದೆ ಅಡುಗೆಮನೆ. ಮಾವ ತೀರಿಕೊಂಡು ವರ್ಷವಾಗಿತ್ತು. ನಮ್ಮ ಮನೆಯವರು ಒಬ್ಬರೇ ಕೆಲಸ ನಡೆಸಿಕೊಂಡು ಹೋಗುತ್ತಿದ್ದರು. ಆಗ ಭಾವ ಮುಂಬಯಿಯಿಂದ ಬಂದಿಳಿದರು, ಒಂದು ತಗಡಿನ ಟ್ರಂಕು ಹೊರಿಸಿಕೊಂಡು. ಅಲ್ಲಿ ದೊಡ್ಡ ಫರ್ನಿಚರ್ ಕಾರಖಾನೆಯಲ್ಲಿ ಇದ್ದರಂತೆ. ಖುರ್ಚಿಗಳಿಗೆ ಪಾಲಿಶ್ ತಿಕ್ಕುವ ಕೆಲಸವೆಂದು ಆಮೇಲೆ ತಿಳಿಯಿತು. ಆದರೆ ಬಂದ ದಿನ ಪಡಸಾಲೆಯಲ್ಲಿ ನಿಂತು ಸುತ್ತಲೂ ಕಣ್ಣಾಡಿಸಿದ ರೀತಿ ನೋಡಿದರೆ ಆ ಕಾರಖಾನೆಯ ಯಜಮಾನರೇ ತಪಾಸಣೆಗೆ ಬಂದಂತಿತ್ತು.

ಗೂಟಕ್ಕೆ ತೂಗುಹಾಕಿದ್ದ ಮಾವನವರ ಮೂಲೆಮಟ್ಟವನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದರು, ಸತ್ತ ಇಲಿಯನ್ನು ಹಿಡಿದಂತೆ.

"ಇದನ್ನ ಹಿಡಕೊಂಡು ಇನ್ನೂ ಕೆಲಸಾ ಮಾಡಾಕತ್ತೀಯೇನಲೇ ತಮ್ಮಾ?"

"ಅಪ್ಪಂದು ಅಣ್ಣಾ ಅದು. ಛಲೋ ಐತಿ."

"ಮುಂಬಯ್ಯಾಗ ಇಂಥಾವನ್ನ ಒಲಿಗೆ ಹಾಕ್ತಾರ. ಯವ್ವಾ, ಇದನ್ನ ಒಳಗ ಕೊಡು."

ಭಾವನ ಎದುರು ನಿಂತು ಮಾತಾಡುವ ಪದ್ಧತಿ ನನಗೆ ಇರಲಿಲ್ಲ. ಅವರ ಮಾತು ಅತ್ತೆಯ ಕೈಯಿಂದ ನನಗೆ ಬರಬೇಕು, ನನ್ನದು ಸೆರಗಿನ ಮರೆಯಿಂದ ಅತ್ತೆಗೆ ಹೋಗಬೇಕು. ಮೂಲೆಮಟ್ಟವೂ ಹಾಗೇ ಬಂತು. ಬಚ್ಚಲ ಒಲೆಗೆ ಇಟ್ಟವಳು ನಾನೇ. ಆ ತಪ್ಪು ನನ್ನದು, ಒಪ್ಪುತ್ತೇನೆ. ಅದರ ಉರಿಯಲ್ಲಿ ಕಾದ ನೀರನ್ನು ಭಾವ ಮೈತುಂಬ ಸುರಿದುಕೊಂಡರು.

ಮರುದಿನದಿಂದ ಅವರ ಮಹಾಕಾರ್ಯ ಶುರುವಾಯಿತು. ಬೀಟೆಯ ತುಂಡು ಬಂತು, ಹಿತ್ತಾಳೆ ತಗಡು ಬಂತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮ್ಮ ಮನೆಯವರು ಒಂದು ಮೂಲೆಯಲ್ಲಿ ಬೆನ್ನು ಬಗ್ಗಿಸಿ ಹಲಗೆ ನಯವಾಗಲು ರಂದಾ ಹೊಡೆಯುತ್ತಿದ್ದರೆ, ಇನ್ನೊಂದು ಮೂಲೆಯಲ್ಲಿ ಭಾವ ಗೋಡೆಗೆ ಆತು ಕೂತು ಹಿತ್ತಾಳೆಯ ಹೂವು ಕತ್ತರಿಸುತ್ತಿದ್ದರು. ಎಂಟು ಎಸಳಿನ ಹೂವು. ಒಂದು ಎಸಳು ಮುರಿದರೆ ಆ ದಿನಕ್ಕೆ ಕೆಲಸ ಬಂದ್, ಚಹಾಕ್ಕೆ ಕೂಗು. ಪಾಲಿಶ್ ಮಾತ್ರ ಚೆನ್ನಾಗಿ ತಿಕ್ಕಿದರು. ಅದೊಂದು ಅವರಿಗೆ ಬರುತ್ತಿತ್ತಲ್ಲ.

ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ಹೇಗೆ ನೋಡಿದರು ಗೊತ್ತೇ? ಆ ಟ್ರಂಕಿನ ಮೂಲೆಗೆ ಇಟ್ಟು.

"ಮುಂಬಯಿ ಮಾಲ್ ತಮ್ಮಾ ಇದು, ಮಶೀನದಾಗ ಮಾಡಿದ್ದು. ಕೂದಲಷ್ಟು ಫರಕ ಇರೂದುಲ್ಲ," ಎಂದರು.

ಆ ಟ್ರಂಕಿನ ಮುಚ್ಚಳ ಕೂಡಬೇಕಾದರೆ ಪ್ರತಿ ಸಲ ಅವರೇ ಅದರ ಮೇಲೆ ಏರಿ ಕೂರಬೇಕಾಗಿತ್ತು.

ಅಷ್ಟರಲ್ಲಿ ಖಂಡೇಪೂಜೆ ಬಂತು. ದಸರೆಯಲ್ಲಿ ಹತ್ಯಾರಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು ಪೂಜಿಸುವ ದಿನ. ಮಾವನವರ ಉಳಿ, ಬಾಚಿ, ರಂದಾಗಳನ್ನು ಹಿಂದೆ ಸರಿಸಿ, ಒಂದು ಗೆರೆಯನ್ನೂ ಎಳೆಯದ ಆ ಹೊಸದನ್ನು ಭಾವ ಕೆಂಪು ವಸ್ತ್ರದ ಮೇಲೆ ನಡುವೆ ಕೂಡಿಸಿದರು. ಅತ್ತೆ ಆರತಿ ಎತ್ತಿದರು. ಅಲ್ಲಿಗೆ ಅದು ದೇವರಾಯಿತು.

ದಸರೆ ಮುಗಿದ ಮೇಲೆ ಸಪ್ತಾಪುರದಲ್ಲಿ ಮನೆ ಕಟ್ಟಿಸುತ್ತಿದ್ದ ವಕೀಲರೊಬ್ಬರ ಬಾಗಿಲು ಚೌಕಟ್ಟುಗಳ ಕೆಲಸವನ್ನು ನಮ್ಮ ಮನೆಯವರು ಹಿಡಿದರು. ಎಂಟು ಚೌಕಟ್ಟು. ಗೆರೆಯೆಲ್ಲ ಭಾವನವರ ಮೂಲೆಮಟ್ಟದಿಂದಲೇ. ಮೊದಲನೆಯದನ್ನು ಜೋಡಿಸಿದಾಗ ಮೇಲಿನ ಎರಡೂ ಸಂದುಗಳು ಬಾಯಿ ಬಿಟ್ಟವು, ಉಗುರು ಹೋಗುವಷ್ಟು. ಎರಡನೆಯದೂ ಹಾಗೇ. ಸಂದು ಕೂಡಿಸುವುದರಲ್ಲಿ ನಮ್ಮ ಮನೆಯವರ ಕೈಯೆಂದರೆ ಮಾವನವರೇ ಮೆಚ್ಚಿದ್ದ ಕೈ. ಅಂಥವರು ಕಟ್ಟಿಗೆಯ ಪುಡಿಗೆ ಅಂಟು ಕಲಸಿ, ಯಾರೂ ಇಲ್ಲದ ಹೊತ್ತು ನೋಡಿ ಆ ಸಂದುಗಳಿಗೆ ತುಂಬುತ್ತಿದ್ದರು.

ವಕೀಲರು ಒಮ್ಮೆ ಬಂದು, ಸಂದಿನೊಳಗೆ ಉಗುರು ಹಾಕಿ ಪುಡಿ ಕೆದರಿ ನೋಡಿದರು.

"ಏನಪಾ ಇದು? ನಿಮ್ಮಪ್ಪ ಇಂಥಾ ಕೆಲಸಾ ಮಾಡತಿರಲಿಲ್ಲ. ದೀಪಾವಳಿ ಆದಮ್ಯಾಲೆ ಮತ್ತ ಬರತೇನಿ. ಹಿಂಗ ಇದ್ರ ಬ್ಯಾರೇದವ್ರನ್ನ ನೋಡಬೇಕಾಗತದ."

ಅವರು ಹೋದ ಮೇಲೆ ಭಾವ ಬೀಡಿ ಹಚ್ಚಿಕೊಂಡು, "ಕೈ ಹೋತಲೇ ನಿಂದು. ಮೂಲಿಮಟ್ಟ ಏನ ಮಾಡೀತು, ಹಿಡದ ಕೈ ನಡುಗಿದ್ರ?" ಎಂದರು. ನಮ್ಮ ಮನೆಯವರು ಅದನ್ನು ನಂಬಿಬಿಟ್ಟರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನು ಬಿಟ್ಟು ಬೆರಳು ಚಾಚಿ ನೋಡಿಕೊಳ್ಳುತ್ತಿದ್ದರು, ನಡುಗುತ್ತವೆಯೋ ಎಂದು. ಮೂರು ರೊಟ್ಟಿ ಉಣ್ಣುವವರು ಒಂದಕ್ಕೆ ಇಳಿದರು.

"ಮೂಲಿಮಟ್ಟಾ ತಿರುವಿ ನೋಡೀರೇನ್ರಿ?" ಎಂದು ಕೇಳಿದೆ.

"ಅಣ್ಣ ಬ್ಯಾಡಂತಾನ. ಪೂಜಿ ಆದ ಸಾಮಾನದ ಪರೀಕ್ಷಾ ಮಾಡಬಾರದಂತ." ತಾಟು ಹಿಂದಕ್ಕೆ ಸರಿಸಿ ಹೇಳಿದರು, "ನನ್ನ ಕೈಯಾಗ ಏನೋ ಆಗೇತಿ. ಅಂಗಡಿ ಅಣ್ಣಗ ಬಿಟ್ಟು ಎಲ್ಲ್ಯರ ಕೂಲಿಗೆ ಹೋಗಲೇನು ಅಂತ ವಿಚಾರ ಮಾಡಾಕತ್ತೇನಿ."

ಅಮಾವಾಸ್ಯೆಯ ದಿನ ನಮ್ಮ ಬಡಿಗರು ಹತ್ಯಾರ ಮುಟ್ಟುವುದಿಲ್ಲ. ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ, ಬಾಗಿಲ ಮುಂದೆ ಕಸ ಹೊಡೆದು ನೀರು ಹಾಕಿದ ಮೇಲೆ ನಾನೇ ಆ ಮೂಲೆಮಟ್ಟವನ್ನು ಮುಟ್ಟಿದೆ. ನಮ್ಮ ಬಾಗಿಲಲ್ಲಿ ಕರೀ ಕಲ್ಲಿನ ಮೆಟ್ಟಿಲಿತ್ತು. ಅದನ್ನು ಒರೆಸಿ, ಅದರ ಅಂಚಿಗೆ ಮೂಲೆಮಟ್ಟ ಆನಿಸಿ ಬಳಪದಿಂದ ಒಂದು ಗೆರೆ ಎಳೆದೆ. ಆಮೇಲೆ ಮೂಲೆಮಟ್ಟವನ್ನು ಮಗುಚಿ, ಗೆರೆ ಹೊರಟ ಜಾಗದಿಂದಲೇ ಇನ್ನೊಂದು ಗೆರೆ ಎಳೆದೆ. ಅಪ್ಪ ಹೀಗೇ ಮಾಡುತ್ತಿದ್ದ. ಮೂಲೆ ನೆಟ್ಟಗಿದ್ದರೆ ಎರಡೂ ಗೆರೆ ಒಂದರ ಮೇಲೊಂದು ಕೂಡುತ್ತವೆ. ಇಲ್ಲಿ ಕೂಡಲಿಲ್ಲ. ಒಂದೇ ಕಡೆ ಹೊರಟು, ಕಾಗೆ ಬಾಯಿ ತೆರೆದಂತೆ ಅಗಲವಾಗುತ್ತ ಹೋದವು. ಆ ಗೆರೆಗಳ ಸುತ್ತ ರಂಗೋಲಿ ಹಾಕಿ, ಮೂಲೆಮಟ್ಟವನ್ನು ಪಕ್ಕಕ್ಕೆ ಇಟ್ಟು ಒಳಗೆ ಬಂದೆ.

ಮೊದಲು ಎದ್ದು ಬಂದವರು ಅತ್ತೆ. "ಇದೆಂಥಾ ರಂಗೋಲಿ ಹಾಕೀಬೇ, ಅಮಾಸಿ ದಿನಾ?"

"ನಾ ಹಾಕಿದ್ದಲ್ಲರಿ ಅತ್ತಿ. ಆ ಮೂಲಿಮಟ್ಟಾ ಹಾಕಿದ್ದು," ಎಂದೆ ಒಳಗಿನಿಂದ.

ಮಾತು ಕೇಳಿ ಗಂಡಸರಿಬ್ಬರೂ ಬಂದರು. ನಮ್ಮ ಮನೆಯವರು ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಅಮಾವಾಸ್ಯೆಯೆಂಬುದನ್ನೂ ಮರೆತು ಬಳಪ ತೆಗೆದುಕೊಂಡರು. ಒಂದು ಗೆರೆ, ಮಗುಚಿ ಇನ್ನೊಂದು. ಮತ್ತೆ ಕಾಗೆಯ ಬಾಯಿ.

"ಹೆಣ್ಮಕ್ಕಳು ಮುಟ್ಟಿದ್ರ ಕೆಡದ ಇರತೈತೇನದು?" ಎಂದರು ಭಾವ. ಆಮೇಲೆ ಮೆಟ್ಟಿಲ ಕಡೆ ಬೆರಳು ಮಾಡಿ, "ಅದೂ ಅಲ್ದ ಈ ಕಲ್ಲ ಸೊಟ್ಟ ಐತಿ."

ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. "ಕಲ್ಲು ನಿಮ್ಮಪ್ಪ ಕೂಡಿಸಿದ್ದು. ಇಷ್ಟ ವರ್ಷ ಆತು, ಸೊಟ್ಟ ಅಂದವ್ನು ನೀನ ಮೊದಲನೇದಾಂವ. ನಿನ್ನ ಟ್ರಂಕಾ ಎಷ್ಟು ನೆಟ್ಟಗ ಐತಿ ಅಂತ, ನೀ ಅದರ ಮ್ಯಾಲೆ ಕುಂತು ಮುಚ್ಚೂ ಮುಂದ ನೋಡೇನಿ ತಗೋ!"

ಭಾವನಿಗೆ ತಟ್ಟನೆ ಪೇಟೆಯಲ್ಲಿ ಏನೋ ಕೆಲಸ ನೆನಪಾಯಿತು.

ಪಾಡ್ಯದ ದಿನ ಊಟಕ್ಕೆ ಮೊದಲು ನಮ್ಮ ಮನೆಯವರು ಸಾಗವಾನಿಯ ಎರಡು ಚೂರು ಆರಿಸಿಕೊಂಡು ಕೂತರು. ಒಂದರ ತುದಿ ಇನ್ನೊಂದರಲ್ಲಿ ಕೂರುವಂತೆ ಗಾಡಿ ಹೊಡೆದು, ಬೆಣೆ ಹಾಕಿ, ಮೆಟ್ಟಿಲ ಮೇಲೆ ಗೆರೆ ಎಳೆದು, ಮಗುಚಿ ಎಳೆದು ನೋಡಿದರು. ಕಾಗದದಷ್ಟು ತೆಳ್ಳಗೆ ಹೆರೆದರು. ಮತ್ತೆ ಎಳೆದರು, ಮತ್ತೆ ಹೆರೆದರು. ನಾನು ಹೋಳಿಗೆ ಬೇಯಿಸುತ್ತಿದ್ದೆ. ಕೆಲಸದ ನಡುವೆ ಎಂದೂ ಕರೆಯದವರು ಕರೆದರು.

"ಎಷ್ಟ ಗೆರಿ ಕಾಣಸ್ತಾವ?"

"ಒಂದರಿ."

"ಖರೇ ಹೇಳು. ನನ್ನ ಸಮಾಧಾನಕ್ಕ ಹೇಳಬ್ಯಾಡ."

ಬಗ್ಗಿ ನೋಡಿದೆ. "ಎರಡ ಸಲಾ ಎಳದೀರಿ, ಒಂದ ಗೆರಿ ಐತ್ರಿ."

ಅವರು ಬೆರಳು ಚಾಚಿ ನೋಡಿಕೊಂಡರು. ಆಮೇಲೆ ಧೋತರಕ್ಕೆ ಕೈ ಒರೆಸಿ, "ಹೋಳಿಗಿ ಹೊತ್ತಾಕತ್ತಾವ ನೋಡು" ಎಂದರು. ಅವತ್ತು ನಾಲ್ಕು ಹೋಳಿಗೆ ತಿಂದರು.

ಎಂಟೂ ಚೌಕಟ್ಟಿನ ಸಂದುಗಳಿಂದ ಪುಡಿಯನ್ನೆಲ್ಲ ಕೆರೆದು ತೆಗೆದು, ಮೇಲಿನ ಪಟ್ಟಿಗಳನ್ನು ಹೊಸದಾಗಿ ಮಾಡಿ ಕೂಡಿಸಿದರು. ವಕೀಲರು ಬಂದು ಮತ್ತೆ ಉಗುರು ಹಾಕಿದರು. ಉಗುರು ಒಳಗೆ ಹೋಗಲಿಲ್ಲ. ಉಳಿದ ಕಿಟಕಿಗಳನ್ನೂ ಇವರಿಗೇ ಹೇಳಿ ಹೋದರು.

"ನನ್ನ ನಮೂನಿ ನೋಡಿ ಮಾಡ್ಯಾನ್ರಿ ನಮ್ಮ ತಮ್ಮ," ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ. ಅವರದನ್ನು ಗೋಡೆಯ ದೇವರ ಮಾಡದಲ್ಲಿ ಇಟ್ಟೆವು, ಪೂಜೆಯಾದ ಸಾಮಾನಲ್ಲವೇ! ವರ್ಷಕ್ಕೊಮ್ಮೆ ಖಂಡೇಪೂಜೆಗೆ ಅದು ಈಗಲೂ ನಡುವೆ ಬಂದು ಕೂರುತ್ತದೆ. ನಮ್ಮ ಮನೆಯವರದು ಕೈಬೆವರಿಗೆ ಕಪ್ಪಾಗಿದೆ. ಅದಕ್ಕೆ ಸುಮ್ಮನೆ ಕುಂಕುಮ ಹಚ್ಚಿದರಾಯಿತು. ಭಾವನವರದಕ್ಕೆ ಮೊದಲು ಅರಿವೆ ಹಸಿ ಮಾಡಿ ಧೂಳು ಒರೆಸಬೇಕು. ಆ ಎಂಟು ಎಸಳಿನ ಸಂದಿಯಲ್ಲೆಲ್ಲ ಕೂತಿರುತ್ತದೆ.